ಸಣ್ಣ ಅಕ್ಷರದ ಸಾಲು

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನನಗೆ ದುಃಖಕ್ಕಿಂತ ಮೊದಲು ಭಯವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಮುಚ್ಚಿಟ್ಟು ಅವರ ಬಗ್ಗೆ ಒಳ್ಳೆಯ ಮಾತು ಬರೆಯುತ್ತ ಕೂತರೆ ಅದು ಇನ್ನೊಂದು ಸುಳ್ಳಾದೀತು. ಮಾನ್ವಿಯಿಂದ ಅವರ ತಂಗಿ ಫೋನು ಮಾಡಿದ್ದರು. ಮಧ್ಯಾಹ್ನ ಉಂಡು ಅಡ್ಡಾದವರು ಏಳಲೇ ಇಲ್ಲ ಎಂದರು. ನಾನು ಅಯ್ಯೋ ಎಂದೆ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಬಾಯಿ ತನ್ನ ಪಾಡಿಗೆ ಮಾತಾಡುತ್ತಿತ್ತು. ಎದೆಯೊಳಗೆ ಮಾತ್ರ ಒಂದೇ ಪ್ರಶ್ನೆ ಬಡಿದುಕೊಳ್ಳುತ್ತಿತ್ತು: ಅವರ ಆ ಉದ್ದನೆಯ ನೋಟ್‌ಬುಕ್ಕು ಈಗ ಯಾರ ಕೈಯಲ್ಲಿದೆ?

ಆ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ನಾನು ಹೇಳಿದ ಒಂದು ಸುಳ್ಳು ಅವರ ದುಂಡು ಅಕ್ಷರದಲ್ಲಿ ಕೂತಿತ್ತು. ಅದರಿಂದ ಒಬ್ಬ ಹುಡುಗಿಯ ಕಣ್ಣು ಹೋಗುವುದರಲ್ಲಿತ್ತು. ಅಕ್ಕೋರ ಹೆಸರು ಕೆಟ್ಟಿತು. ನಾನು ಆರು ವರ್ಷ ಬಾಯಿ ಬಿಡಲಿಲ್ಲ.

ಅಕ್ಕೋರು ಯಾರು ಎಂದು ಹೇಳಬೇಕು. ನಮ್ಮ ಕಡೆ ಮಕ್ಕಳು ಹೆಣ್ಣು ಟೀಚರನ್ನು ಅಕ್ಕೋರು ಎಂದು ಕರೆಯುತ್ತಾರೆ. ದೇವದುರ್ಗದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾವು ಆರು ಜನ ಟೀಚರು ಇದ್ದೆವು. ಐದು ಜನ ಕಾಲಕ್ರಮದಲ್ಲಿ ಮೇಡಂ ಆಗಿಬಿಟ್ಟೆವು, ಅಕ್ಕೋರಾಗಿ ಉಳಿದವರು ಅವರೊಬ್ಬರೇ. ಅವರು ಹೊಲಿಗೆ ಕಲಿಸುತ್ತಿದ್ದರು, ನಾನು ಇಂಗ್ಲಿಷ್. ಇಬ್ಬರೂ ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಎಂಟು ವರ್ಷ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತಿದ್ದೇವೆ. ಕಿಟಕಿಯ ಕಡೆ ಯಾವಾಗಲೂ ನಾನೇ, ಏಕೆಂದರೆ ಬಸ್ಸು ಹತ್ತಿದರೆ ನನಗೆ ಹೊಟ್ಟೆ ತೊಳಸುತ್ತದೆ. ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಮೂಸುತ್ತ ಕೂಡುತ್ತಿದ್ದೆ. ಬಸ್ಸು ಜೋರಾಗಿ ಹೋದರೆ ನನಗೆ ಭಯ, ನಿಧಾನವಾದರೆ ಹಾಜರಿ ಪುಸ್ತಕದ ಭಯ. ಇಂಥ ಪುಕ್ಕಲಿಯ ಪಕ್ಕದಲ್ಲಿ ದೇವರು ಅಕ್ಕೋರನ್ನು ಕೂರಿಸಿದ್ದ.

ಅವರು ಕುಳ್ಳಗಿದ್ದರು, ಗಟ್ಟಿ ಆಳು. ಸೆರಗಿನಲ್ಲಿ ಸದಾ ಎರಡು ಸೂಜಿ, ಒಂದರಲ್ಲಿ ಬಿಳಿ ದಾರ, ಒಂದರಲ್ಲಿ ಕರಿ ದಾರ. ಒಮ್ಮೆ ಕಂಡಕ್ಟರನ ಅಂಗಿಯ ಎದೆಗುಂಡಿ ಜೋತಾಡುತ್ತಿರುವುದನ್ನು ನೋಡಿ ಅವನನ್ನು ಅಲ್ಲೇ ನಿಲ್ಲಿಸಿಕೊಂಡರು. ಓಡುವ ಬಸ್ಸಿನಲ್ಲಿ ಸೂಜಿ ಎದೆಯ ಮುಂದೆ ಆಡುತ್ತಿದ್ದರೆ ಆ ಮನುಷ್ಯ ಕಲ್ಮಲಾದಿಂದ ಮೂರು ಮೈಲಿ ಉಸಿರು ಬಿಗಿಹಿಡಿದು ನಿಂತಿದ್ದ. ಹೊಲಿಗೆ ಮುಗಿಸಿ ದಾರ ಹಲ್ಲಿನಿಂದ ಕಡಿದು, ಬಿಗಿ ಇರಬೇಕು ಹರೀಬಾರದು, ಅಂದರು. ಅದು ಅವರ ಮಾತು. ಹೊಲಿಗೆಗೂ ಅದೇ, ಮಕ್ಕಳನ್ನು ಬೆಳೆಸುವುದಕ್ಕೂ ಅದೇ.

ತರಗತಿಯಲ್ಲಿ ಅವರದೊಂದು ನಿಯಮವಿತ್ತು. ಹುಡುಗಿಯರು ತಪ್ಪು ಹೊಲಿಗೆ ಹಾಕಿದರೆ ಅವರು ತಾವಾಗಿ ಎಂದೂ ಬಿಚ್ಚುತ್ತಿರಲಿಲ್ಲ. ಪಕ್ಕದವಳಿಗೂ ಬಿಚ್ಚಲು ಬಿಡುತ್ತಿರಲಿಲ್ಲ. ಹಾಕಿದವಳೇ ಬಿಚ್ಚಬೇಕು. ಕೆಲವು ಹುಡುಗಿಯರು ಅಳುತ್ತ ವಾರಗಟ್ಟಲೆ ಆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಅಕ್ಕೋರು ಬೈಯುತ್ತಲೂ ಇರಲಿಲ್ಲ, ಮರೆಯುತ್ತಲೂ ಇರಲಿಲ್ಲ, ಸುಮ್ಮನೆ ಕಾಯುತ್ತಿದ್ದರು.

ಅವರ ತಾಯಿ ಮಾನ್ವಿಯ ಕಡೆ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚುತ್ತಿದ್ದವರು. ಮನೆತನದಲ್ಲಿ ನೌಕರಿ ಸೇರಿದ ಮೊದಲನೆಯವರು ಇವರು. ಊರ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರೇ ಇರಲಿಲ್ಲವಂತೆ. ಅಕ್ಷರ ಗುರುತು ಸಿಗುತ್ತಿತ್ತು, ಅರ್ಥ ಸಿಗುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವೂ ಇರಲಿಲ್ಲ.

ಇನ್ನು ಆ ಪುಸ್ತಕಗಳು. ರಾಯಚೂರಿನ ತೀನ್ ಕಂದೀಲಿನ ಹತ್ತಿರ ಒಂದು ರದ್ದಿ ಅಂಗಡಿಯಲ್ಲಿ ಹಳೆಯ ಕಸೂತಿ ಪುಸ್ತಕ ಹುಡುಕುವುದು ಅಕ್ಕೋರ ಭಾನುವಾರದ ಹವ್ಯಾಸ. ಒಂದು ಭಾನುವಾರ ಮೂರು ತೆಳ್ಳನೆಯ ಪುಸ್ತಕ ತಂದರು. ಕಡಿಮೆಯೆಂದರೂ ನಮ್ಮ ಅಜ್ಜಿಯರ ಕಾಲದವು. ಹಾಳೆಗಳು ಬೆಂದ ರೊಟ್ಟಿಯ ಬಣ್ಣಕ್ಕೆ ತಿರುಗಿ, ಮೂಲೆ ಮುಟ್ಟಿದರೆ ಮುರಿಯುತ್ತಿದ್ದವು. ಒಂದರ ಮುಖಪುಟದಲ್ಲಿ ಸಮುದ್ರದ ದಂಡೆ, ತೆಂಗಿನಮರ, ಕೊರಳಿಗೆ ಹೂಮಾಲೆ ಹಾಕಿಕೊಂಡು ಕೂಸು ಎತ್ತಿಕೊಂಡ ಹಾಗೆ ಪುಟ್ಟ ಗಿಟಾರು ಹಿಡಿದ ಹೆಂಗಸು. ಮುಖಪುಟವನ್ನು ಅಕ್ಕೋರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಳಗೆ ಪ್ರತಿ ಹಾಳೆಯಲ್ಲೂ ಸಣ್ಣ ಸಣ್ಣ ಚೌಕ, ನಾಲ್ಕು ಉದ್ದ ಗೆರೆ, ಐದು ಅಡ್ಡ ಗೆರೆ, ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿ. ಹೊಲಿಗೆ ಟೀಚರಿಗೆ ಅದು ಕಸೂತಿಯ ನಕಾಶೆಯಲ್ಲದೆ ಬೇರೇನೂ ಆಗಿರಲು ಸಾಧ್ಯವಿರಲಿಲ್ಲ.

ಒಂದು ತಿಂಗಳು ಕೂತು ಆ ನಕಾಶೆಗಳನ್ನು ಹೆಡ್‌ಮಾಸ್ತರರ ಮೇಜಿನ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹೊಲಿದರು. ಬಟ್ಟೆ ಮುಗಿದ ಮೇಲೆ ಅವರಿಗೆ ಅನುಮಾನ ಬಂತು. ಬಸ್ಸಿನಲ್ಲಿ ಪುಸ್ತಕ ನನ್ನ ತೊಡೆಯ ಮೇಲಿಟ್ಟರು. "ಇದು ಎಲ್ಲೀ ನಮೂನಿ ತಂಗಿ? ಹೊಲದ್ರ ಹೂನೂ ಆಗವಲ್ದು, ಎಲಿನೂ ಆಗವಲ್ದು" ಅಂದರು. ನಾನು ಮೊದಲ ನಾಲ್ಕು ಸಾಲು ಓದಿ, ನಿಂಬೆಹಣ್ಣು ಕೆಳಗೆ ಬೀಳುವಷ್ಟು ನಕ್ಕೆ. ಅದು ಯುಕುಲೆಲೆ ಎಂಬ ನಾಲ್ಕು ತಂತಿಯ ವಾದ್ಯವನ್ನು ಮನೆಯಲ್ಲೇ ಕಲಿಯುವ ಪುಸ್ತಕ. ಉದ್ದ ಗೆರೆಗಳು ತಂತಿಗಳು, ಚುಕ್ಕಿಗಳು ಬೆರಳಿಡುವ ಜಾಗ. ಅಕ್ಕೋರು ನಗಲಿಲ್ಲ. ತಮ್ಮ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಚುಕ್ಕಿಗಳ ಮೇಲೆ ಇಟ್ಟು ನೋಡಿ, ಹಂಗಾದ್ರ ಬೆರಳು ಹೊಲೀಬೇಕು ಅನ್ನು, ಅಂದರು.

ಮುಂದಿನ ಭಾನುವಾರ ರದ್ದಿಯವನನ್ನು ಹಿಡಿದು ಪುಸ್ತಕ ಎಲ್ಲಿಂದ ಬಂದವೆಂದು ಕೇಳಿದರು. ಸ್ಟೇಷನ್ನಿನ ಕಡೆ ಹಿಂದೆಂದೋ ರೈಲ್ವೆಯಲ್ಲಿದ್ದ ಒಬ್ಬರ ಮನೆ ಖಾಲಿ ಮಾಡುತ್ತಿದ್ದರಂತೆ. ಹುಡುಕಿಕೊಂಡು ಹೋದರು. ಆ ಮನೆಯ ಸೊಸೆ ಬೀರುವಿನ ಮೇಲಿನಿಂದ ಧೂಳು ಹಿಡಿದ ವಾದ್ಯವನ್ನು ಇಳಿಸಿ, ಒಯ್ಯಿರಿ, ಇಲ್ಲಿ ಯಾರಿಗೂ ಬೇಡ, ಎಂದು ಕೊಟ್ಟಳು. ಮೊಳಕ್ಕಿಂತ ತುಸು ಉದ್ದ, ಅಷ್ಟೆ. ಅಕ್ಕೋರು ಅದಕ್ಕೆ ಮರಿ ಎಂದು ಹೆಸರಿಟ್ಟರು.

ಅವರು ಕಲಿತ ರೀತಿ ಬೇರೆಯೇ. ಪ್ರತಿ ಹಾಳೆಯನ್ನೂ ಮೊದಲು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಇಳಿಸುತ್ತಿದ್ದರು. ಚೌಕ, ಚುಕ್ಕಿ, ಕೊನೆಗೆ ಅರ್ಥವಾಗದ ಇಂಗ್ಲಿಷ್ ಸಾಲುಗಳನ್ನು ಕೂಡ ಬಳ್ಳಿ ಬರೆದ ಹಾಗೆ ಅಕ್ಷರಕ್ಕೆ ಅಕ್ಷರ. ಪ್ರತಿ ಸಾಲಿನ ಕೆಳಗೆ ಒಂದು ಸಾಲು ಖಾಲಿ ಬಿಡುತ್ತಿದ್ದರು. ಬಸ್ಸಿನಲ್ಲಿ ನಾನು ಓದಿ ಅರ್ಥ ಹೇಳಬೇಕು, ಅವರು ಆ ಖಾಲಿ ಸಾಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬೇಕು. ಬಸ್ಸು ಗುಂಡಿಗೆ ಇಳಿಯುವ ಮೊದಲೇ ಪೆನ್ಸಿಲು ಎತ್ತಿ, ಏರಿದ ಮೇಲೆ ಮತ್ತೆ ಹಚ್ಚುತ್ತಿದ್ದರು. ಅವರ ಒಂದು ಅಕ್ಷರವೂ ಅಲುಗಿದ್ದಿಲ್ಲ. ಅರ್ಥ ಬರೆಯದೆ ಯಾವ ಹಾಳೆಯನ್ನೂ ಬಾರಿಸುತ್ತಿರಲಿಲ್ಲ.

ಆ ಮೊದಲ ಹಾಳೆಯನ್ನು ಓದಿದ ದಿನವನ್ನು ನಾನು ಸಾವಿರ ಸಲ ನೆನಪಿಸಿಕೊಂಡಿದ್ದೇನೆ. ತಂತಿಗಳನ್ನು ಎಷ್ಟು ಬಿಗಿ ಮಾಡಬೇಕು, ಯಾವ ತಂತಿ ಯಾವ ಸ್ವರ ಎಂಬ ಪಾಠ ಅದು. ಓದಿ ಹೇಳಿದೆ. ಹಾಳೆಯ ಕೆಳಗೆ, ಕಟ್ಟಕಡೆಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅಷ್ಟರಲ್ಲಿ ಬಸ್ಸು ಗಬ್ಬೂರಿನ ಹತ್ತಿರದ ಕೆಟ್ಟ ರಸ್ತೆಗೆ ಬಂದಿತ್ತು, ನನ್ನ ಬಾಯಲ್ಲಿ ನೀರು ಕೂಡುತ್ತಿತ್ತು. ಕಣ್ಣು ಕೆಳಗೆ ಮಾಡಿದರೆ ವಾಂತಿಯಾಗಿ ಬಸ್ಸಿನ ತುಂಬ ಮಾನ ಹೋಗುತ್ತದೆ ಎಂಬ ಭಯ. ಅಕ್ಕೋರು ಸೂಜಿಯ ತುದಿಯಿಂದ ಆ ಸಾಲು ತೋರಿಸಿ, ಈ ಸಣ್ಣ ಅಕ್ಷರದಾಗ ಏನದ, ಎಂದು ಕೇಳಿದರು. ನಾನು ಕಿಟಕಿಯ ಹೊರಗೆ ನೋಡುತ್ತಲೇ, ಏನಿಲ್ರಿ, ಅಚ್ಚು ಹಾಕಿದವರ ವಿಳಾಸ, ಎಂದೆ. ಅವರು ಅದನ್ನೂ ಬರೆದುಕೊಂಡರು. ಸುಳ್ಳು ಹೇಳಿದೆ ಎಂದು ಕೂಡ ಆಗ ನನಗೆ ಅನ್ನಿಸಲಿಲ್ಲ.

ಪುಸ್ತಕದಲ್ಲಿದ್ದ ನಾಲ್ಕು ಸ್ವರಗಳನ್ನು ಅವರು ಶಾಲೆಯ ಪ್ರಾರ್ಥನೆಯ ಹಾರ್ಮೋನಿಯಮ್ಮಿನಲ್ಲಿ ಗುರುತು ಹಿಡಿದು, ಆ ಕೀಗಳ ಮೇಲೆ ಕೆಂಪು ದಾರ ಅಂಟಿಸಿದರು. ತಂತಿ ಕಟ್ಟುವಾಗ ವಾದ್ಯದ ಮರಕ್ಕೆ ಕಿವಿ ಹಚ್ಚಿ, ಕಣ್ಣು ಅರೆಮುಚ್ಚಿ, ಹಾರ್ಮೋನಿಯಮ್ಮಿನ ಸ್ವರಕ್ಕೆ ಕೂಡುವವರೆಗೆ ಗೂಟ ತಿರುಗಿಸುತ್ತಿದ್ದರು. ನಾಲ್ಕು ತಂತಿಗೆ ನಾಲ್ಕು ಅಕ್ಷರ ಹಚ್ಚಿದ್ದರು. ಮೊದಲನೆಯದು ಅಂ, ಎರಡನೆಯದು ಜ, ಮೂರನೆಯದು ಬ್ಯಾ, ನಾಲ್ಕನೆಯದು ಡ. ಅಂಜಬ್ಯಾಡ. ನಾಲ್ಕೂ ಸರಿ ಕೂತರೆ ತಂತಿಯೇ ಆ ಮಾತು ಆಡಿದ ಹಾಗೆ ಕೇಳುತ್ತಿತ್ತು. ಮೊದಲ ಸಲ ಕೇಳಿಸಿದಾಗ ನನ್ನ ಕಡೆ ನೋಡಿ, ನಿನ್ನ ಸಲುವಾಗೇ ಹಚ್ಚೀನಿ, ಅಂದರು. ನನಗೋ ತಂತಿ ಬಿಗಿಯುವುದನ್ನು ನೋಡುವುದೇ ಆಗುತ್ತಿರಲಿಲ್ಲ. ಈಗ ಹರಿದು ಮುಖಕ್ಕೆ ಬಡಿಯುತ್ತದೆ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಹರಿಯಲಿಲ್ಲ. ಮರಿಯ ಅಳತೆಗೆ ಆ ಬಿಗಿ ಸರಿಯಾಗಿಯೇ ಇತ್ತು.

ಎರಡು ವರ್ಷದಲ್ಲಿ ಶಾಲೆಯ ಹುಡುಗಿಯರೂ ಕಲಿಯತೊಡಗಿದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದೇ ಮರಿಯನ್ನು ಹತ್ತು ಜನ ಸರದಿಯಲ್ಲಿ ಬಾರಿಸುವುದು ನೋಡಿ ರಾಯಚೂರಿನ ಯಾರೋ ದಾನಿಗಳು ಹತ್ತು ಹೊಸ ಯುಕುಲೆಲೆ ಕೊಡಿಸಿದರು. ಹೊಸವು ಮರಿಗಿಂತ ಒಂದು ಗೇಣು ಉದ್ದ ಇದ್ದವು, ಹೊಟ್ಟೆಯೂ ದೊಡ್ಡದು. ಅಕ್ಕೋರು ನೋಟ್‌ಬುಕ್ಕಿನ ಮೊದಲ ಹಾಳೆ ತೆಗೆದು ಅದರಂತೆಯೇ ತಂತಿ ಕಟ್ಟಿಸಿದರು. ಹುಡುಗಿಯರು ಸಾಲಾಗಿ ಕೂತು, ಮರಕ್ಕೆ ಕಿವಿ ಹಚ್ಚಿ, ಅಂಜಬ್ಯಾಡ ಅಂಜಬ್ಯಾಡ ಎನ್ನುತ್ತ ಗೂಟ ತಿರುಗಿಸುವುದನ್ನು ನೋಡಿದರೆ ನಗು ಬರುತ್ತಿತ್ತು. ಅವರಲ್ಲಿ ಅರಕೇರಾದಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಬೆರಳು ಎಲ್ಲರಿಗಿಂತ ಚುರುಕು. ಅವಳ ತಾಯಿತಂದೆ ದುಡಿಯಲು ಬೇರೆ ಊರಿಗೆ ಹೋದಾಗ ಸೋದರತ್ತೆಯ ಮನೆಯಲ್ಲಿ ಇರುತ್ತಿದ್ದಳು. ಆ ಹುಡುಗಿ ಬಾರಿಸುವಾಗ ಅಕ್ಕೋರು ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದರು. ಅವರು ಬೇರೆ ಯಾವುದಕ್ಕೂ ಹೊಲಿಗೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಮಾನ್ವಿಯಲ್ಲಿ ಶಾಲೆಗಳ ನಡುವೆ ಒಂದು ಸ್ಪರ್ಧೆ ಇತ್ತು. ಅದಕ್ಕೆ ಎರಡು ದಿನ ಮೊದಲು ಅದು ಆಯಿತು. ಫೆಬ್ರುವರಿ ಮುಗಿಯುವ ಮೊದಲೇ ನಮ್ಮಲ್ಲಿ ಬಿಸಿಲು ಕಣ್ಣು ಬಿಡಗೊಡುವುದಿಲ್ಲ. ವಾದ್ಯಗಳನ್ನು ಇಟ್ಟಿದ್ದ ಕೋಣೆಗೆ ತಗಡಿನ ಮಾಡು. ಆ ಕಾವಿಗೆ ಒಳಗಿನ ಅಂಟು ಮೆತ್ತಗಾಗಿತ್ತು, ತಂತಿಗಳು ಬೇಕಾದ್ದಕ್ಕಿಂತ ಬಿಗಿಯಾಗಿದ್ದವು. ಅರಕೇರಾದ ಹುಡುಗಿ ಮರಕ್ಕೆ ಕಿವಿ ಹಚ್ಚಿ ನಾಲ್ಕನೆಯ ತಂತಿಯ ಗೂಟ ತಿರುಗಿಸುತ್ತಿದ್ದಳು. ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ, ಅದನ್ನು ಕುದುರೆ ಎನ್ನುತ್ತಾರೆ, ನಾಲ್ಕೂ ತಂತಿಯ ಸಮೇತ ಕಿತ್ತು ಅವಳ ಕಣ್ಣಿಗೆ ಬಡಿಯಿತು. ನಾನು ವರಾಂಡದಲ್ಲಿದ್ದೆ. ಪಟಾರ್ ಎಂಬ ಸದ್ದು ಕೇಳಿತು. ಆಮೇಲೆ ಒಂದು ಗಳಿಗೆ ಯಾರೂ ಕೂಗಲಿಲ್ಲ, ಅದು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಜೀಪಿನಲ್ಲಿ ರಾಯಚೂರಿಗೆ ಹೊರಟೆವು. ಹುಡುಗಿಯ ತಲೆ ಅಕ್ಕೋರ ತೊಡೆಯ ಮೇಲಿತ್ತು. ಅವರು ತಮ್ಮ ಸೆರಗನ್ನೇ ಮಡಚಿ ಅವಳ ಕಣ್ಣಿಗೆ ಒತ್ತಿ ಹಿಡಿದಿದ್ದರು, ಸೂಜಿಗಳನ್ನು ಕಿತ್ತು ಜೀಪಿನ ಸೀಟಿಗೆ ಚುಚ್ಚಿದ್ದರು. ನನ್ನ ಕೈಯಲ್ಲಿ ಯಾರೋ ಅಕ್ಕೋರ ಚೀಲ ಕೊಟ್ಟಿದ್ದರು. ರಕ್ತ ನೋಡಲಾರದೆ ನಾನು ಚೀಲ ತೆರೆದೆ, ಪುಸ್ತಕ ಸಿಕ್ಕಿತು, ಸುಮ್ಮನೆ ಕಣ್ಣಿಗೊಂದು ಕೆಲಸ ಬೇಕೆಂದು ಮೊದಲ ಹಾಳೆ ತೆಗೆದೆ. ಸಣ್ಣ ಅಕ್ಷರದ ಆ ಸಾಲನ್ನು ಆಗ ಓದಿದೆ. ಇದಕ್ಕಿಂತ ದೊಡ್ಡ ಅಳತೆಯ ವಾದ್ಯವಾದರೆ ನಾಲ್ಕೂ ತಂತಿಗಳನ್ನು ಒಂದು ಪೂರ್ತಿ ಸ್ವರ ಕೆಳಗೆ ಕಟ್ಟಬೇಕು, ಇಲ್ಲವಾದರೆ ಕುದುರೆ ಕಿತ್ತು ಬರುತ್ತದೆ ಎಂದಿತ್ತು. ಪುಸ್ತಕ ಮುಚ್ಚಿ ಚೀಲದ ತಳಕ್ಕೆ ತುರುಕಿದೆ. ಹುಡುಗಿ ನರಳುತ್ತಿದ್ದಳು, ಅಕ್ಕೋರು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಏನೆಂದು ನನಗೆ ಗೊತ್ತು.

ಮೂರು ದಿನ ಪಟ್ಟಿ ಬಿಚ್ಚುವಂತಿಲ್ಲ, ಬಿಚ್ಚಿದ ಮೇಲೆ ನೋಡೋಣ ಎಂದರು ಡಾಕ್ಟರು. ಆ ಮೂರು ದಿನ ನಾನು ಅನ್ನ ನುಂಗಲಿಲ್ಲ. ಎಷ್ಟು ಅಂಜಿದ್ದೆನೆಂದರೆ, ಹುಡುಗಿಯ ಕಣ್ಣು ಉಳಿಯಲಿ ಎಂದು ಬೇಡಿಕೊಂಡೆನೋ, ನಾನು ಸಿಕ್ಕಿಬೀಳದಿರಲಿ ಎಂದು ಬೇಡಿಕೊಂಡೆನೋ ನನಗೇ ತಿಳಿಯದು. ನಾಲ್ಕನೆಯ ದಿನ ಪಟ್ಟಿ ಬಿಚ್ಚಿದಾಗ ಅವಳು ಕಿಟಕಿಯ ಸರಳು ಎಣಿಸಿದಳು. ಕಣ್ಣು ಉಳಿದಿತ್ತು. ಹುಬ್ಬು ಮಾತ್ರ ಎರಡು ತುಂಡಾಗಿತ್ತು.

ಮುಂದಿನ ವಾರ ಇಲಾಖೆಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಹೇಳಿಕೆ ಇಂಗ್ಲಿಷಿನಲ್ಲಿ ಬೇಕೆಂದು ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು. ಹೆಡ್‌ಮಾಸ್ತರರ ಮೇಜು, ಅದರ ಮೇಲೆ ಅಕ್ಕೋರು ಹೊಲಿದ ಕೆಂಪು ಚೌಕಗಳ ಬಟ್ಟೆ, ಬಟ್ಟೆಯ ಮೇಲೆ ಆ ಪುಸ್ತಕ. ಇದನ್ನು ನಿಮಗೆ ಯಾರು ಓದಿ ಹೇಳಿದರು ಎಂದು ಅಧಿಕಾರಿ ಕೇಳಿದರು. ನನ್ನ ಪೆನ್ನು ನಿಂತಿತು. ಅಕ್ಕೋರು ನನ್ನ ಕಡೆ ತಿರುಗಲೂ ಇಲ್ಲ.

"ನಾನೇ ಓದ್ಕೊಂಡೀನ್ರಿ" ಅಂದರು.

ಹಾಗಾದರೆ ಓದಿ ತೋರಿಸಿ ಎಂದು ಅಧಿಕಾರಿ ಪುಸ್ತಕವನ್ನು ಅವರ ಮುಂದೆ ತಳ್ಳಿದರು. ಅಕ್ಕೋರು ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಅದರ ಅರ್ಥ ಹೇಳಿದರು, ಬೆರಳು ಇಳಿಸಿ ಎರಡನೆಯ ಸಾಲಿನದು ಹೇಳಿದರು. ನಾನು ಬಸ್ಸಿನಲ್ಲಿ ಹೇಳಿದ್ದನ್ನು ಒಂದು ಶಬ್ದ ಬಿಡದೆ, ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ ನಿಲ್ಲಿಸುತ್ತ, ಹಾಳೆಯ ತಳದವರೆಗೆ ಬಂದರು. ಬೆರಳು ಸಣ್ಣ ಅಕ್ಷರದ ಸಾಲಿನ ಕೆಳಗೆ ಬಂತು. ಇದು ಅಚ್ಚು ಹಾಕಿದವರ ವಿಳಾಸ, ಅಂದರು. ಅಧಿಕಾರಿ ಕನ್ನಡಕ ಏರಿಸಿ ಬಗ್ಗಿದರು. ಪುಸ್ತಕ ಹತ್ತಿರ ತಂದರು, ದೂರ ಹಿಡಿದರು. ಹಳೇ ಅಚ್ಚು, ಕಣ್ಣಿಗೆ ಹತ್ತಂಗಿಲ್ಲ, ಎಂದು ಮುಚ್ಚಿಟ್ಟರು. ಸದರಿ ಶಿಕ್ಷಕಿ ತಮ್ಮ ಸ್ವಂತ ತಿಳಿವಳಿಕೆಯ ಮೇಲೆ ಹೀಗೆ ಮಾಡಿದ್ದಾರೆ ಎಂದು ನಾನು ಬರೆದೆ. ಆ ವಾಕ್ಯ ಯಾರೂ ಹೇಳಿ ಬರೆಸಿದ್ದಲ್ಲ, ನನ್ನದೇ.

ಅಕ್ಕೋರಿಗೆ ನೋಟಿಸು ಬಂತು. ವಾದ್ಯಗಳು ಸ್ಟೋರ್ ರೂಮು ಸೇರಿದವು. ಹೊಲಿಗಿ ಬಿಟ್ಟು ಹುಡುಗೀರ ಕಣ್ಣು ಕೀಳಾಕ ಹೋಗಿದ್ಲು ಎಂದು ಊರಲ್ಲಿ ಆಡಿಕೊಂಡರು. ಬಸ್ಸಿನಲ್ಲಿ ಅವರು ಮೊದಲಿನಂತೆಯೇ ನನ್ನ ಪಕ್ಕ ಕೂತರು, ಚೀಲದಿಂದ ಪುಸ್ತಕ ಮಾತ್ರ ತೆಗೆಯಲಿಲ್ಲ. ನಾನು ದಿನಾ ಬೆಳಿಗ್ಗೆ ಒಂದು ವಾಕ್ಯ ಸಿದ್ಧ ಮಾಡಿಕೊಂಡು ಹೋಗುತ್ತಿದ್ದೆ. ಕಲ್ಮಲಾ ದಾಟುವಾಗ ಅದು ಗಂಟಲಿಗೆ ಬರುತ್ತಿತ್ತು, ಗಬ್ಬೂರಿನಲ್ಲಿ ಅದನ್ನು ನುಂಗುತ್ತಿದ್ದೆ. ಹೀಗೆ ಒಂದು ವರ್ಷ. ಆಮೇಲೆ ಅವರು ನಿವೃತ್ತರಾಗಿ ಮಾನ್ವಿಗೆ, ತಂಗಿಯ ಮನೆಗೆ ಹೋದರು. ಬೀಳ್ಕೊಡುಗೆಯ ದಿನ ನಾನು ಚೆನ್ನಾಗಿ ಭಾಷಣ ಮಾಡಿದೆನಂತೆ. ಏನು ಹೇಳಿದೆನೋ ಒಂದೂ ನೆನಪಿಲ್ಲ.

ಮಾನ್ವಿಯಿಂದ ಆಗಾಗ ಫೋನು ಬರುತ್ತಿತ್ತು. ಮೊದಲೆಲ್ಲ ಕ್ಷೇಮ ಸಮಾಚಾರ. ಮೂರು ವರ್ಷದ ಹಿಂದೆ ಒಂದು ದಿನ ಮಾತು ಮುಗಿಸುವಾಗ, "ಒಂದೀಟು ಓದೋದು ಉಳದದ ತಂಗಿ, ಬಂದು ಓದಿ ಹೋಗು" ಅಂದರು. ಪರೀಕ್ಷೆ ಪೇಪರು ಎಂದೆ. ಮುಂದಿನ ಸಲ ಮೊಣಕಾಲು ನೋವು ಎಂದೆ. ನೀರಮಾನ್ವಿಗೆ ಎಲ್ಲಮ್ಮನ ಹರಕೆ ತೀರಿಸಲು ಹೋದಾಗ, ಅವರ ಮನೆಯಿಂದ ಅಷ್ಟು ಹತ್ತಿರ, ಮಾನ್ವಿಯ ಬಸ್ಸಿನಲ್ಲಿ ಮುಖಕ್ಕೆ ಸೆರಗು ಎಳೆದುಕೊಂಡು ಕೂತು, ಅಲ್ಲಿಂದಲೇ ಹಿಂದಿರುಗಿದೆ. ಅವರು ಪ್ರತಿ ಸಲವೂ ಅದನ್ನೇ ಅದೇ ದನಿಯಲ್ಲಿ ಹೇಳುತ್ತಿದ್ದರು, ಒತ್ತಾಯವಿಲ್ಲ, ಕೋಪವಿಲ್ಲ. ಅದಕ್ಕೇ ಇನ್ನಷ್ಟು ಭಯವಾಗುತ್ತಿತ್ತು.

ಸತ್ತ ಮೂರನೆಯ ದಿನ ಹೋದೆ. ಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅಕ್ಕೋರ ಫೋಟೋ, ಮುಂದೆ ಮೇಣದ ಬತ್ತಿ. ಅವರ ತಂಗಿ ನನ್ನ ಕೈ ಹಿಡಿದು ಅತ್ತರು, ಒಳಗೆ ಕೂಡಿಸಿ ಚಹಾ ತರಲು ಹೋದರು. ಆ ಕೋಣೆಯಲ್ಲಿ ಒಬ್ಬ ಹುಡುಗಿ ಟ್ರಂಕಿನ ಮುಂದೆ ಕೂತು ಪುಸ್ತಕಗಳ ಧೂಳು ಒರೆಸುತ್ತಿದ್ದಳು. ತಿರುಗಿದಳು. ಹುಬ್ಬು ಎರಡು ತುಂಡಾಗಿತ್ತು. ಅರಕೇರಾದ ಹುಡುಗಿ ಈಗ ರಾಯಚೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ನಿವೃತ್ತಿಯಾದ ಮೇಲೂ ಅಕ್ಕೋರ ಹತ್ತಿರ ಕಲಿಯಲು ಬರುತ್ತಿದ್ದವಳು ಅವಳೊಬ್ಬಳೇ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಓಡಿಬಿಡೋಣ ಎನ್ನಿಸಿತು.

ಅವಳು ಉದ್ದನೆಯ ನೋಟ್‌ಬುಕ್ಕು ತಂದು ನನ್ನ ಮುಂದೆ ಮೊದಲ ಹಾಳೆ ತೆರೆದಳು.

"ಇದು ವಿಳಾಸ ಅಲ್ರಿ ಮೇಡಂ" ಅಂದಳು.

ಗೊತ್ತಿದೆ ಎಂದೆ. ಯಾವಾಗಿನಿಂದ ಎಂದು ಕೇಳಿದಳು. ನೀನು ಜೀಪಿನಲ್ಲಿ ಮಲಗಿದ್ದೆಯಲ್ಲ, ಆವತ್ತಿನಿಂದ ಎಂದೆ. ಆರು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು ಹೊರಗೆ ಬಂದಾಗ ಅಷ್ಟು ಚಿಕ್ಕದಿತ್ತು. ಅವಳು ತನಗರಿವಿಲ್ಲದೆ ಹುಬ್ಬು ಮುಟ್ಟಿಕೊಂಡಳು. ನೀವು ಆವಾಗ ಹೇಳಿದ್ದರೆ ಅಕ್ಕೋರು ಶಾಲೆಯ ಹುಡುಗಿಯರಿಗೆ ಕಲಿಸುವುದು ಬಿಡುತ್ತಿರಲಿಲ್ಲ, ಎಂದಳು. ದನಿ ಏರಿಸಲಿಲ್ಲ.

ಪಿಯುಸಿಯಲ್ಲಿದ್ದಾಗ ಆ ಸಾಲನ್ನು ತಾನೇ ಓದಿ ಅಕ್ಕೋರಿಗೆ ಹೇಳಿದೆ ಎಂದು ಅವಳು ಹೇಳಿದಳು. ಇವಳು ತಪ್ಪು ಅರ್ಥವನ್ನು ಅಳಿಸಲು ರಬ್ಬರು ತೆಗೆದುಕೊಂಡಾಗ ಅಕ್ಕೋರು ಕೈ ಹಿಡಿದರಂತೆ.

"ಅಳಸಬ್ಯಾಡ ಅಂದ್ರು ಮೇಡಂ. ಇದು ಆಕಿ ಹಾಕಿದ ಹೊಲಿಗಿ, ಆಕೀನ ಬಿಚ್ಚಬೇಕು ಅಂದ್ರು. ಬಾಳ ಅಂಜ್ತಾಳ, ತಡಾ ಆಗತದ, ಆದ್ರ ಬರ್ತಾಳ ಅಂದ್ರು."

ಅವಳು ರಬ್ಬರನ್ನೂ ಪೆನ್ಸಿಲನ್ನೂ ನನ್ನ ಮುಂದೆ ಇಟ್ಟಳು. ಅಚ್ಚು ಹಾಕಿದವರ ವಿಳಾಸ ಎಂದು ಅವರು ಓಡುವ ಬಸ್ಸಿನಲ್ಲಿ ಅಲುಗದ ಕೈಯಿಂದ ಬರೆದಿದ್ದರು. ನಾನು ಅದನ್ನು ಅಳಿಸಿದೆ. ಪೂರ್ತಿ ಹೋಗಲಿಲ್ಲ, ಗುರುತು ಉಳಿಯಿತು. ಅದರ ಮೇಲೆಯೇ ಸರಿಯಾದ ಅರ್ಥ ಬರೆದೆ. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿದವಳು ನಾನು, ನನ್ನ ಅಕ್ಷರ ಸೊಟ್ಟ ಹೋಗಿತ್ತು. ಹುಡುಗಿ ಬಗ್ಗಿ ಓದಿ ತಲೆಯಾಡಿಸಿದಳು. ಆಗ ಅತ್ತೆ. ಅಕ್ಕೋರಿಗಾಗಿ ಅತ್ತದ್ದು ಅದೇ ಮೊದಲು.

ಅವಳು ಟ್ರಂಕಿನಿಂದ ಮರಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮರಕ್ಕೆ ಕಿವಿ ಹಚ್ಚಿದಳು. ಆ ಹುಬ್ಬು ತಂತಿಗಳಿಗೆ ಎರಡು ಬೆರಳಿನಷ್ಟು ಹತ್ತಿರ. ಮುಖ ದೂರ ಇಟ್ಟುಕೋ ಎಂದು ಕೂಗಿದೆ. ಅವಳು ಕದಲಲಿಲ್ಲ. ಗೂಟ ತಿರುಗಿಸುತ್ತ, ಅಕ್ಕೋರು ಕಲಿಸಿದ ಹಾಗೆ ಒಂದೊಂದೇ ತಂತಿಗೆ ಒಂದೊಂದೇ ಅಕ್ಷರ ಹೇಳತೊಡಗಿದಳು. ಅಂ, ಜ, ಬ್ಯಾ. ನನಗೆ ಭಯ ಹೋಗಿರಲಿಲ್ಲ, ಕೈಯೆರಡೂ ಮುಷ್ಟಿಯಾಗಿದ್ದವು. ಆದರೆ ನಾಲ್ಕನೆಯ ತಂತಿ ಸರಿ ಕೂಡುವವರೆಗೆ ನಾನು ಕಣ್ಣು ಮುಚ್ಚಲಿಲ್ಲ.